ಕಲಬುರಗಿಯಿಂದ ಜರ್ಮನಿಗೆ ಬೆಕ್ಕನ್ನು ಕರೆದುಕೊಂಡು ಹೋಗಬೇಕು, ಜೂನ್ ಒಳಗೆ ಆಗುತ್ತಾ?

ತೊಗರಿಬೇಳೆ_ಕಲಬುರಗಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮವರಿಗೆ ಫ್ರಾಂಕ್‌ಫರ್ಟ್ ಹತ್ತಿರ ಕೆಲಸ ಸಿಕ್ಕಿದೆ, ಮಾರ್ಚ್‌ನಲ್ಲಿ ಹೊರಡುತ್ತಾರೆ. ನಾನು ಇಲ್ಲೇ ಒಂದು ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಪರೀಕ್ಷೆ, ಪೇಪರ್ ತಿದ್ದುವುದು ಎಲ್ಲ ಮುಗಿಸಿಕೊಂಡು ಜೂನ್ ಮೊದಲ ವಾರ ಹೋಗಬೇಕು ಅಂತ ಲೆಕ್ಕ. ನನ್ನ ವೀಸಾದ್ದು ನಡೆಯುತ್ತಿದೆ, ಅದರ ಚಿಂತೆ ಇಲ್ಲ. ಚಿಂತೆ ಇರುವುದು ಶೇಂಗಾದ್ದು.

ಶೇಂಗಾ ನಮ್ಮ ಬೆಕ್ಕು. ಹೆಣ್ಣು, ಊರ ಬೆಕ್ಕೇ, ವಯಸ್ಸು ಐದರ ಆಸುಪಾಸು. ಜೇವರ್ಗಿ ರೋಡಿನ ಹಳೆ ಬಾಡಿಗೆ ಮನೆಯಲ್ಲಿ ನೀರಿನ ಟಾಕಿ ಹಿಂದೆ ಹುಟ್ಟಿದ್ದು, ತಾಯಿ ಬಿಟ್ಟು ಹೋದ ಮೇಲೆ ನಮ್ಮ ಅಡುಗೆಮನೆಗೆ ಬಂದು ಕೂತಿದ್ದು ಇನ್ನೂ ಎದ್ದಿಲ್ಲ. ತೂಕ ನಾಲ್ಕು ಕೆಜಿಗೆ ಸ್ವಲ್ಪ ಕಮ್ಮಿ. ಆಪರೇಷನ್ ಆಗಿದೆ. ರೇಬೀಸ್ ಇಂಜೆಕ್ಷನ್ ಪ್ರತಿ ವರ್ಷ ಹಾಕಿಸಿದ್ದೇವೆ, ಪುಸ್ತಕ ಇದೆ, ಕೊನೆಯದ್ದು ಹೋದ ಅಕ್ಟೋಬರ್‌ನಲ್ಲಿ. ಚರ್ಮದ ಕೆಳಗೆ ಹಾಕುವ ಗುರುತಿನ ಮೈಕ್ರೋಚಿಪ್ ಮಾತ್ರ ಇಲ್ಲ.

ಒಬ್ಬ ಏಜೆಂಟರಿಗೆ ಫೋನ್ ಮಾಡಿದರೆ ಲಕ್ಷದ ಮೇಲೆ ಹೇಳಿದರು, ಅದೂ ಬೆಕ್ಕು ಬೇರೆ ವಿಮಾನದಲ್ಲಿ ಕಾರ್ಗೋದಲ್ಲಿ ಬರುತ್ತಂತೆ. ಏಜೆಂಟ್ ಇಲ್ಲದೆ ನಾವೇ ಮಾಡಿಕೊಳ್ಳಬಹುದಾ? ನನ್ನ ಜೊತೆ ಸೀಟಿನ ಕೆಳಗೆ ಇಟ್ಟುಕೊಂಡು ಹೋಗಲು ಬಿಡುತ್ತಾರಾ? ಹೈದರಾಬಾದ್‌ನಿಂದ ಹೋಗುವುದು ಒಳ್ಳೆಯದಾ, ಬೆಂಗಳೂರಿನಿಂದಲಾ? ಈಗ ಜನವರಿ ಮಧ್ಯ, ಇನ್ನೂ ಐದು ತಿಂಗಳು ಟೈಮ್ ಇದೆ ಅಂತ ನಾನು ಆರಾಮಾಗಿದ್ದೆ, ಆದರೆ ಯಾರೋ "ಆರು ತಿಂಗಳು ಬೇಕು" ಅಂದರು, ಅಂದಿನಿಂದ ನಿದ್ದೆ ಇಲ್ಲ.

ಅತ್ತೆಯವರು "ಬೆಕ್ಕಿಗೂ ವಿಮಾನ ಬೇಕಾ, ನನ್ನ ಹತ್ತಿರ ಬಿಟ್ಟು ಹೋಗು" ಅನ್ನುತ್ತಿದ್ದಾರೆ. ಅವರಿಗೆ ಮೊಣಕಾಲು ನೋವು, ಶೇಂಗಾ ದಿನಾ ಸಂಜೆ ಮಾಳಿಗೆ ಹತ್ತಿ ಕೂರುತ್ತಾಳೆ, ಯಾರು ಇಳಿಸಬೇಕು? ಹೋಗಿ ಬಂದವರು ದಯವಿಟ್ಟು ಹೇಳಿ.

ಸೇಡಂ_ಟು_ಮೈಂಜ್ ಉತ್ತರ:

ಅಕ್ಕಾ, ಆಗುತ್ತೆ. ಆದರೆ ಆರಾಮಾಗಿ ಕೂರುವ ಹಾಗಿಲ್ಲ, ಈ ತಿಂಗಳೇ ಶುರು ಮಾಡಿ. ನಾನು ಸೇಡಂನವನು, ಈಗ ಮೈಂಜ್‌ನಲ್ಲಿದ್ದೇನೆ, ನಮ್ಮ ಗಂಡು ಬೆಕ್ಕು ಈಗ ಹೀಟರ್ ಮೇಲೆ ಮಲಗಿದೆ. ಏಜೆಂಟ್ ಇಲ್ಲದೆಯೇ ತಂದೆವು.

ಮೊದಲು ಒಂದು ಕಹಿ ಸುದ್ದಿ. ನೀವು ಹಾಕಿಸಿರುವ ಅಷ್ಟೂ ರೇಬೀಸ್ ಇಂಜೆಕ್ಷನ್ ಯುರೋಪಿನ ಲೆಕ್ಕಕ್ಕೆ ಬರುವುದಿಲ್ಲ. ಯಾಕೆಂದರೆ ಚಿಪ್ ಮೊದಲು, ಇಂಜೆಕ್ಷನ್ ಆಮೇಲೆ. ಎರಡೂ ಒಂದೇ ದಿನ ಆದರೂ ಸರಿ, ಆದರೆ ಚಿಪ್‌ಗಿಂತ ಮುಂಚೆ ಹಾಕಿದ ಇಂಜೆಕ್ಷನ್ ಯಾವ ಬೆಕ್ಕಿನದ್ದು ಅಂತ ಅವರಿಗೆ ಪುರಾವೆ ಇಲ್ಲ. ಆದ್ದರಿಂದ ಈಗ ಚಿಪ್ ಹಾಕಿಸಿ, ಅದೇ ದಿನ ರೇಬೀಸ್ ಇಂಜೆಕ್ಷನ್ ಇನ್ನೊಮ್ಮೆ ಹಾಕಿಸಿ. ಅಕ್ಟೋಬರ್‌ನಲ್ಲಷ್ಟೇ ಆಗಿದೆಯಲ್ಲ ಅಂತ ಡಾಕ್ಟರ್ ಕೇಳಿದರೆ ಕಾರಣ ಹೇಳಿ, ಹಾಕುತ್ತಾರೆ.

ಆಮೇಲೆ ಇರುವುದು ನಿಜವಾದ ಕಾಯುವ ಕೆಲಸ. ರೇಬೀಸ್ ವಿಷಯದಲ್ಲಿ ಯುರೋಪಿಯನ್ ಯೂನಿಯನ್‌ನ ಒಪ್ಪಿಗೆಯ ಪಟ್ಟಿಯಲ್ಲಿ ಭಾರತ ಇಲ್ಲ. ಅದಕ್ಕೆ ಇಂಜೆಕ್ಷನ್ ಆಗಿ ಕನಿಷ್ಠ 30 ದಿನ ಕಳೆದ ಮೇಲೆ ಬೆಕ್ಕಿನ ರಕ್ತ ತೆಗೆದು, ಅವರು ಒಪ್ಪಿರುವ ಲ್ಯಾಬ್‌ಗೆ ಕಳಿಸಿ, ಟೈಟರ್ ಟೆಸ್ಟ್ ಮಾಡಿಸಬೇಕು, ಅಂದರೆ ರೇಬೀಸ್ ತಡೆಯುವ ಶಕ್ತಿ ರಕ್ತದಲ್ಲಿ ಎಷ್ಟಿದೆ ಅಂತ ಅಳೆಯುವ ಪರೀಕ್ಷೆ. ರಿಪೋರ್ಟ್‌ನಲ್ಲಿ 0.5 ಐಯು/ಎಂಎಲ್ ಅಥವಾ ಅದಕ್ಕಿಂತ ಜಾಸ್ತಿ ಬರಬೇಕು. ಅಷ್ಟಾದರೂ ತಕ್ಷಣ ಹೊರಡುವ ಹಾಗಿಲ್ಲ, ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಳೆಯಬೇಕು. ರಿಪೋರ್ಟ್ ಬಂದ ದಿನದಿಂದ ಅಲ್ಲ, ಇದನ್ನು ತುಂಬಾ ಜನ ತಪ್ಪು ತಿಳಿದು ಟಿಕೆಟ್ ಮುಂದೆ ಹಾಕುತ್ತಾರೆ.

ನಿಮ್ಮ ಲೆಕ್ಕ ಹಾಕಿ ನೋಡಿದೆ. ಜನವರಿ 25ಕ್ಕೆ ಚಿಪ್, ಇಂಜೆಕ್ಷನ್ ಆದರೆ ಫೆಬ್ರವರಿ 24ರ ನಂತರ ರಕ್ತ. ಅಲ್ಲಿಂದ ಮೂರು ತಿಂಗಳು ಅಂದರೆ ಮೇ ಕೊನೆ ವಾರ. ಜೂನ್ ಮೊದಲ ವಾರದ ಟಿಕೆಟ್ ಸರಿಯಾಗಿ ಕೂರುತ್ತೆ, ಉಳಿಯುವುದು ಒಂದು ವಾರ ಹತ್ತು ದಿನ ಅಷ್ಟೇ. ಫೆಬ್ರವರಿಗೆ ಜಾರಿದರೆ ಜೂನ್ ಮೊದಲ ವಾರ ಕೈತಪ್ಪಿತು ಅಂದುಕೊಳ್ಳಿ.

ಹೊರಡುವ ಸಮಯದ್ದು ಇನ್ನೊಂದು ಕಾಗದ, ಹೆಲ್ತ್ ಸರ್ಟಿಫಿಕೇಟ್. ಯುರೋಪಿನದ್ದೇ ಫಾರ್ಮ್ ಇದೆ, ಜರ್ಮನ್ ಮತ್ತು ಇಂಗ್ಲಿಷ್ ಎರಡೂ ಇರುವ ಪ್ರತಿ ತೆಗೆದುಕೊಳ್ಳಿ. ಅದಕ್ಕೆ ಸರ್ಕಾರಿ ಪಶುವೈದ್ಯರ ಸಹಿ, ಸೀಲು ಬೇಕು. ನಮ್ಮ ದೇಶದಲ್ಲಿ ಆ ಕೆಲಸ ಎಕ್ಯೂಸಿಎಸ್ ಕಚೇರಿಯದ್ದು, ಅಂದರೆ ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಕಚೇರಿ. ಹೈದರಾಬಾದ್, ಬೆಂಗಳೂರು ಎರಡೂ ಕಡೆ ಇದೆ. ಸಹಿ ಆದ ದಿನದಿಂದ 10 ದಿನದ ಒಳಗೆ ಜರ್ಮನಿ ಮುಟ್ಟಬೇಕು. ಬೆಕ್ಕನ್ನೂ ಅಲ್ಲಿಗೆ ತೋರಿಸಬೇಕು, ಸುಮ್ನೆ ಕಾಗದ ಕಳಿಸಿದರೆ ಆಗಲ್ಲ.

ಅದಕ್ಕೇ ನನ್ನ ಮತ ಹೈದರಾಬಾದ್. ಹುಮನಾಬಾದ್, ಜಹೀರಾಬಾದ್ ಮೇಲೆ ಕಾರಿನಲ್ಲಿ ಐದು ತಾಸಿನ ದಾರಿ. ಹೊರಡುವ ಮೂರ್ನಾಲ್ಕು ದಿನ ಮುಂಚೆಯೇ ಹೋಗಿ, ಬೆಕ್ಕು ಇಟ್ಟುಕೊಳ್ಳುವ ನೆಂಟರ ಮನೆ ಇದ್ದರೆ ಉಳಿದುಕೊಂಡು, ಕಚೇರಿ ಕೆಲಸ ಮುಗಿಸಿ, ಅಲ್ಲಿಂದಲೇ ವಿಮಾನ ಹತ್ತಿ. ಬೆಂಗಳೂರಿಗೆ ರಾತ್ರಿಯಿಡೀ ರೈಲು, ಅದರಲ್ಲಿ ಬೆಕ್ಕನ್ನು ಜೊತೆ ಇಟ್ಟುಕೊಳ್ಳಬೇಕೆಂದರೆ ಫಸ್ಟ್ ಎಸಿ ಕೂಪೆ ಪೂರ್ತಿ ನಿಮ್ಮದೇ ಆಗಬೇಕು, ಇಲ್ಲದಿದ್ದರೆ ಗಾರ್ಡ್ ಡಬ್ಬಿ. ಬೇಡ.

ಸೀಟಿನ ಕೆಳಗೆ ಬಿಡುವುದು ಏರ್‌ಲೈನ್ ಮೇಲೆ. ಲುಫ್ತಾನ್ಸಾದಲ್ಲಿ ಬೆಕ್ಕು, ಬ್ಯಾಗ್ ಸೇರಿ 8 ಕೆಜಿ ಒಳಗಿದ್ದರೆ ಕ್ಯಾಬಿನ್‌ಗೆ ಬಿಡುತ್ತಾರೆ. ಬ್ಯಾಗ್ 55, 40, 23 ಸೆಂಟಿಮೀಟರ್ ದಾಟಬಾರದು, ಮೆತ್ತನೆಯದು ಇರಬೇಕು, ನೀರು ಸೋರಬಾರದು. ನಿಮ್ಮ ಶೇಂಗಾ ನಾಲ್ಕು ಕೆಜಿ, ಚಿಂತೆ ಇಲ್ಲ. ಆದರೆ ಒಂದು ವಿಮಾನಕ್ಕೆ ಇಷ್ಟೇ ಪ್ರಾಣಿ ಅಂತ ಮಿತಿ ಇರುತ್ತೆ, ಆದ್ದರಿಂದ ಟಿಕೆಟ್ ತೆಗೆಯುವ ಮುಂಚೆ ಫೋನ್ ಮಾಡಿ ಬೆಕ್ಕಿಗೆ ಜಾಗ ಇದೆಯಾ ಕೇಳಿ, ಅದು ಪಕ್ಕಾ ಆದ ಮೇಲೆ ನಿಮ್ಮ ಟಿಕೆಟ್. ಗಲ್ಫ್ ಮೇಲೆ ಹೋಗುವ ಅಗ್ಗದ ಟಿಕೆಟ್ ನೋಡಿ ಮೋಸ ಹೋಗಬೇಡಿ, ಎಮಿರೇಟ್ಸ್‌ನವರು ಕ್ಯಾಬಿನ್‌ಗೆ ಬೆಕ್ಕು ಬಿಡುವುದಿಲ್ಲ.

ಏರ್‌ಪೋರ್ಟ್ ಸೆಕ್ಯುರಿಟಿಯಲ್ಲಿ ಬ್ಯಾಗ್ ಎಕ್ಸ್‌ರೇಗೆ ಹೋಗುತ್ತೆ, ಬೆಕ್ಕು ಹೋಗಲ್ಲ. ಅಂದರೆ ಬೆಕ್ಕನ್ನು ಹೊರಗೆ ತೆಗೆದು ಎತ್ತಿಕೊಂಡೇ ನೀವು ಮೆಟಲ್ ಡಿಟೆಕ್ಟರ್ ದಾಟಬೇಕು. ಹಿಂದೆ ಟ್ರೇಗಳು ಢಣ್ ಢಣ್ ಅಂತ ಬೀಳುತ್ತಿರುತ್ತವೆ, ಯಾರೋ ಮಗು "ಬಿಲ್ಲಿ ಬಿಲ್ಲಿ" ಅಂತ ಕೂಗುತ್ತೆ, ಬೆಕ್ಕಿನ ಉಗುರು ನಿಮ್ಮ ಹೆಗಲಲ್ಲಿ. ಮೈಗೆ ಬಿಗಿಯಾಗಿ ಕೂರುವ ಹಾರ್ನೆಸ್ ಹಾಕಿ, ಅದರ ಹಗ್ಗ ಕೈಗೆ ಎರಡು ಸುತ್ತು ಸುತ್ತಿಕೊಳ್ಳಿ. ಬರೀ ಕುತ್ತಿಗೆ ಪಟ್ಟಿ ಆದರೆ ನುಣುಚಿಕೊಂಡು ಹೋಗುತ್ತೆ. ಪಕ್ಕದ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಚೆಕ್ ಮಾಡಿ ಅಂತ ಕೇಳಿದರೆ ಹೆಚ್ಚು ಕಡೆ ಒಪ್ಪುತ್ತಾರೆ, ಕೇಳುವುದಕ್ಕೆ ಸಂಕೋಚ ಬೇಡ.

ಫ್ರಾಂಕ್‌ಫರ್ಟ್‌ನಲ್ಲಿ ಇಳಿದ ಮೇಲೆ ಹಸಿರು ದಾರಿಯಲ್ಲಿ ನುಗ್ಗಬೇಡಿ, ಕಸ್ಟಮ್ಸ್‌ನ ಕೆಂಪು ದಾರಿಗೆ ಹೋಗಿ ಬೆಕ್ಕಿದೆ ಅಂತ ಹೇಳಿ. ಚಿಪ್ ಸ್ಕ್ಯಾನ್ ಮಾಡಿ ಕಾಗದ ನೋಡುತ್ತಾರೆ. ಕಾಗದ ಸರಿ ಇದ್ದರೆ ಕ್ವಾರಂಟೈನ್ ಇಲ್ಲ, ನೇರ ಮನೆಗೆ.

ಯಾದಗಿರಿ_ಬೆಟ್ಟ ಉತ್ತರ:

ಎಲ್ಲರೂ ಹೇಗೆ ಒಯ್ಯಬೇಕು ಅಂತ ಹೇಳುತ್ತಿದ್ದೀರಿ, ಒಯ್ಯಬೇಕಾ ಅಂತ ಯಾರೂ ಕೇಳುತ್ತಿಲ್ಲ. ತಪ್ಪು ತಿಳಿಯಬೇಡಿ ಮೇಡಂ. ನಮ್ಮ ಮನೆಯಲ್ಲಿ ಸಣ್ಣವನಿದ್ದಾಗಿನಿಂದ ಬೆಕ್ಕು ಇವೆ. ನಾಯಿ ಮನುಷ್ಯರ ಹಿಂದೆ ಹೋಗುತ್ತೆ, ಬೆಕ್ಕು ಮನೆಗೆ ಅಂಟಿಕೊಳ್ಳುತ್ತೆ. ದಿನಾ ಮಾಳಿಗೆ ಹತ್ತುವುದು, ಓಣಿಯ ನಾಲ್ಕು ಮನೆ ಸುತ್ತಿ ಬರುವುದು, ಏಪ್ರಿಲ್ ಬಿಸಿಲಲ್ಲಿ ಶಹಾಬಾದ್ ಕಲ್ಲಿನ ನೆಲದ ಮೇಲೆ ಹೊಟ್ಟೆ ಹಚ್ಚಿ ಮಲಗುವುದು, ಇದು ಅದರ ಬದುಕು. ಅದನ್ನು ಮೂರನೇ ಮಹಡಿಯ ಫ್ಲಾಟಿನಲ್ಲಿ ಕಿಟಕಿ ಮುಚ್ಚಿ ಕೂಡಿಹಾಕುವುದು ಯಾರ ಸುಖಕ್ಕೆ? ಅತ್ತೆಯವರು ತಾವಾಗಿಯೇ ಇಟ್ಟುಕೊಳ್ಳುತ್ತೇನೆ ಅಂದಿದ್ದಾರೆ, ಅದು ಸಣ್ಣ ಮಾತಲ್ಲ. ಎಷ್ಟೋ ಮನೆಯಲ್ಲಿ ಬಾಡಿಗೆ ಬಿಡುವಾಗ ಬೆಕ್ಕನ್ನು ಬೀದಿಗೆ ಬಿಟ್ಟು ಹೋಗುತ್ತಾರೆ.

ಇನ್ನೊಂದು. ನಿಮ್ಮವರ ಕೆಲಸ ಎರಡು ವರ್ಷದ ಕಾಂಟ್ರಾಕ್ಟ್ ಆಗಿದ್ದರೆ ವಾಪಸ್ ತರುವ ಕಥೆ ಬೇರೆ ಇದೆ. ಭಾರತಕ್ಕೆ ಬೆಕ್ಕು ತರಲು ಮತ್ತೆ ಅದೇ ಎಕ್ಯೂಸಿಎಸ್‌ನಿಂದ ಎನ್‌ಒಸಿ ತೆಗೆಯಬೇಕು. ಹೋಗುವುದನ್ನಷ್ಟೇ ಅಲ್ಲ, ಬರುವುದನ್ನೂ ಯೋಚನೆ ಮಾಡಿ.

ಬೀದರ್_ನಂದಿನಗರ ಉತ್ತರ:

ನಾನು ಬೀದರ್ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿದವಳು, ಈಗ ಪ್ರಾಕ್ಟೀಸ್ ಮಾಡುತ್ತಿದ್ದೇನೆ. ಮೈಂಜ್‌ನವರು ಹೇಳಿದ ದಿನದ ಲೆಕ್ಕ ಸರಿಯಾಗಿದೆ.

ಯಾದಗಿರಿಯವರು ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ. ಹದಿನಾಲ್ಕು ವರ್ಷದ, ಕಿಡ್ನಿ ಕೆಟ್ಟ ಬೆಕ್ಕನ್ನು ತಂದು ಕೇಳಿದ್ದರೆ ನಾನೂ ಬೇಡ ಅನ್ನುತ್ತಿದ್ದೆ. ಐದು ವರ್ಷದ ಗಟ್ಟಿ ಬೆಕ್ಕು, ಆಪರೇಷನ್ ಆಗಿದೆ, ಹಾಗಾಗಿ ಒಳಗಿರುವುದು ರೂಢಿ ಆಗುತ್ತೆ. ಕೆಲವು ವಾರ ಬಾಗಿಲ ಹತ್ತಿರ ಕೂತು ಅಳುತ್ತಾಳೆ, ಮಂಚದ ಕೆಳಗೆ ಸೇರಿಕೊಳ್ಳುತ್ತಾಳೆ, ಆಮೇಲೆ ಎತ್ತರದ ಒಂದು ಜಾಗ ಹುಡುಕಿಕೊಳ್ಳುತ್ತಾಳೆ. ಮಾಳಿಗೆ ಇಲ್ಲದಿದ್ದರೆ ಅಲಮಾರಿ. ಮತ್ತೆ, ಬಿಟ್ಟು ಹೋದ ಬೆಕ್ಕು ಊಟ ಬಿಡುವುದನ್ನು ನಾವು ಕ್ಲಿನಿಕ್‌ನಲ್ಲಿ ನೋಡುತ್ತೇವೆ. ಬೆಕ್ಕು ಎರಡು ಮೂರು ದಿನ ಏನೂ ತಿನ್ನದಿದ್ದರೆ ಲಿವರ್‌ಗೆ ಕೊಬ್ಬು ಕಟ್ಟಿ ಜೀವಕ್ಕೇ ಅಪಾಯ ಆಗಬಹುದು, ಆದ್ದರಿಂದ "ಮನೆಗೆ ಅಂಟಿಕೊಳ್ಳುತ್ತೆ, ಮನುಷ್ಯರಿಗೆ ಅಲ್ಲ" ಅನ್ನುವುದನ್ನು ನಾನು ಪೂರ್ತಿ ನಂಬುವುದಿಲ್ಲ.

ಈ ಮೂರು ತಿಂಗಳು ಯಾಕೆ ಅಂತ ಬಹಳ ಜನ ಬೈಯುತ್ತಾರೆ. ಇಂಜೆಕ್ಷನ್ ಆಗುವ ಮುಂಚೆಯೇ ಬೆಕ್ಕಿಗೆ ಹುಚ್ಚು ನಾಯಿ ಕಚ್ಚಿದ್ದರೆ, ಟೆಸ್ಟ್ ಚೆನ್ನಾಗಿ ಬಂದರೂ ರೋಗ ಒಳಗೇ ಇರಬಹುದು. ರೇಬೀಸ್ ಲಕ್ಷಣ ಕಾಣಲು ವಾರಗಳಿಂದ ತಿಂಗಳುಗಳೇ ಹಿಡಿಯುತ್ತವೆ. ರೋಗ ಇದ್ದರೆ ಆ ಮೂರು ತಿಂಗಳಲ್ಲಿ ಇಲ್ಲೇ ಕಾಣಿಸಿಕೊಳ್ಳಲಿ ಅನ್ನುವುದು ಅವರ ಲೆಕ್ಕ. ಬೀದಿ ನಾಯಿ ಇಷ್ಟಿರುವ ನಮ್ಮ ಕಡೆಯಿಂದ ಹೋಗುವ ಪ್ರಾಣಿಗೆ ಇದು ಅತಿ ಅಂತ ನನಗೆ ಅನಿಸುವುದಿಲ್ಲ.

ಚಿಪ್ 15 ಅಂಕಿಯದ್ದೇ ಇರಬೇಕು, ಐಎಸ್‌ಒ 11784 ಮತ್ತು 11785 ಅಂತ ಪ್ಯಾಕೆಟ್ ಮೇಲೆ ಬರೆದಿರುತ್ತೆ. ಎಲ್ಲ ಕ್ಲಿನಿಕ್‌ನಲ್ಲೂ ಸ್ಟಾಕ್ ಇಟ್ಟಿರುವುದಿಲ್ಲ, ಮೊದಲೇ ಫೋನ್ ಮಾಡಿ ತರಿಸಿಡಲು ಹೇಳಿ. ಚರ್ಮದ ಕೆಳಗೆ, ಎರಡು ಹೆಗಲಿನ ನಡುವೆ ಹಾಕುತ್ತೇವೆ, ಅಕ್ಕಿ ಕಾಳಿನಷ್ಟಿರುತ್ತೆ. ಹಾಕುವ ಮುಂಚೆ ಒಮ್ಮೆ, ಹಾಕಿದ ಮೇಲೆ ಒಮ್ಮೆ ಸ್ಕ್ಯಾನ್ ಮಾಡಿ ತೋರಿಸಿ ಅಂತ ಕೇಳಿ. ಪುಸ್ತಕದಲ್ಲಿ ಚಿಪ್ ನಂಬರ್, ಹಾಕಿದ ತಾರೀಕು, ಅದರ ಕೆಳಗೆ ಇಂಜೆಕ್ಷನ್ ತಾರೀಕು, ಬಾಟಲಿಯ ಸ್ಟಿಕ್ಕರ್, ಬ್ಯಾಚ್ ನಂಬರ್, ಎಲ್ಲಿಯವರೆಗೆ ನಡೆಯುತ್ತೆ ಅನ್ನುವ ತಾರೀಕು, ಡಾಕ್ಟರ್ ಸಹಿ ಮತ್ತು ರಿಜಿಸ್ಟ್ರೇಷನ್ ನಂಬರ್. ನಮ್ಮ ಕಡೆ ಡಾಕ್ಟರುಗಳು ಪುಸ್ತಕದಲ್ಲಿ ಬರೀ ಒಂದು ಟಿಕ್ ಹಾಕಿ ಸಹಿ ಗೀಚಿ ಕೊಡುವುದುಂಟು. ನೀವು ಅಲ್ಲೇ ನಿಂತು ಬರೆಸಿಕೊಳ್ಳಿ, ಆಮೇಲೆ ತಿದ್ದಿಸಿದರೆ ಸಂಶಯ ಬರುತ್ತೆ.

ಮತ್ತು ದಯವಿಟ್ಟು ನಿದ್ದೆ ಮಾತ್ರೆ ಬೇಡ. ಮೇಲೆ ವಿಮಾನದಲ್ಲಿ ರಕ್ತದೊತ್ತಡ ಇಳಿದರೆ, ಮೈ ತಣ್ಣಗಾದರೆ ನೋಡುವವರು ಯಾರು? ಗಾಬರಿ ಕಮ್ಮಿ ಮಾಡುವ ಔಷಧಿ ಬೇರೆ ಇವೆ, ಗಾಬಾಪೆಂಟಿನ್ ಅಂಥವು, ಅದನ್ನೂ ನಿಮ್ಮ ಡಾಕ್ಟರ್ ಬೆಕ್ಕನ್ನು ನೋಡಿಯೇ ಬರೆದುಕೊಡಬೇಕು. ಕೊಟ್ಟರೆ ಪ್ರಯಾಣಕ್ಕೆ ಮುಂಚೆ ಮನೆಯಲ್ಲಿ ಒಮ್ಮೆ ಕೊಟ್ಟು ಹೇಗಿರುತ್ತಾಳೆ ನೋಡಿ.

ಔಷಧಿಗಿಂತ ಬ್ಯಾಗ್ ರೂಢಿ ಮಾಡಿಸುವುದು ದೊಡ್ಡದು. ಇವತ್ತೇ ಬ್ಯಾಗ್ ತಂದು, ಜಿಪ್ ತೆರೆದು, ಅವಳು ಮಲಗುವ ಮೂಲೆಯಲ್ಲಿಡಿ. ನಿಮ್ಮ ಹಳೆ ದುಪಟ್ಟಾ ಹಾಸಿ, ಒಗೆಯದೆ ಹಾಸಿ. ಊಟದ ತಟ್ಟೆ ಮೊದಲು ಬ್ಯಾಗಿನ ಹತ್ತಿರ, ಆಮೇಲೆ ಒಳಗೆ. ತಾನಾಗಿಯೇ ಒಳಗೆ ಹೋಗಿ ಮಲಗುವವರೆಗೆ ಜಿಪ್ ಮುಟ್ಟಬೇಡಿ. ಆಮೇಲೆ ಜಿಪ್ ಹಾಕಿ ಮನೆಯಲ್ಲೇ ಒಂದು ಸುತ್ತು, ಆಮೇಲೆ ಕಾರಿನಲ್ಲಿ. ಬೆಕ್ಕನ್ನು ಡಾಕ್ಟರ್ ಹತ್ತಿರ ಒಯ್ಯುವಾಗ ಮಾತ್ರ ಬ್ಯಾಗ್ ತೆಗೆದರೆ, ಆ ಬ್ಯಾಗ್ ಕಂಡ ಕೂಡಲೇ ಅವಳು ಟಾಕಿ ಹಿಂದೆ.

ಹುಮನಾಬಾದ್_ಶಾರ್ಜಾ ಉತ್ತರ:

ನಾನು ಬೇರೆ ಕಡೆಯ ಕಥೆ ಹೇಳುತ್ತೇನೆ, ಮುಂದೆ ಓದುವವರಿಗೆ ಬೇಕಾಗಬಹುದು. ಯುಎಇಗೆ ಬೆಕ್ಕು ತಂದವನು ನಾನು. ಇಲ್ಲಿ ಮೊದಲು ಸರ್ಕಾರದ ಇಂಪೋರ್ಟ್ ಪರ್ಮಿಟ್ ತೆಗೆಯಬೇಕು, ಚಿಪ್, ಇಂಜೆಕ್ಷನ್, ಟೈಟರ್ ಟೆಸ್ಟ್ ಇಲ್ಲಿಗೂ ಬೇಕು. ದುಬೈ ಏರ್‌ಪೋರ್ಟಿಗೆ ಸೀಟಿನ ಕೆಳಗೆ ಇಟ್ಟು ತರುವಂತಿಲ್ಲ, ಕಾರ್ಗೋದಲ್ಲೇ ಬರಬೇಕು. ಅಂದರೆ ಗಟ್ಟಿ ಪೆಟ್ಟಿಗೆ, ಒಳಗೆ ಬೆಕ್ಕು ನಿಲ್ಲಲು, ತಿರುಗಲು, ಕಾಲು ಚಾಚಿ ಮಲಗಲು ಜಾಗ ಇರಬೇಕು, ಇಲ್ಲದಿದ್ದರೆ ಕೌಂಟರಿನಲ್ಲೇ ವಾಪಸ್.

ನಮ್ಮದು ಪರ್ಷಿಯನ್. ಬೀದರ್, ಕಲಬುರಗಿಯಲ್ಲಿ ಈಗ ಮನೆಮನೆಯಲ್ಲಿ ಪರ್ಷಿಯನ್ ಅಲ್ವಾ, ಅದಕ್ಕೇ ಹೇಳುತ್ತಿದ್ದೇನೆ. ಚಪ್ಪಟೆ ಮೂತಿಯ ಬೆಕ್ಕಿಗೆ ಉಸಿರಾಟವೇ ಕಷ್ಟ, ಸೆಕೆಯಲ್ಲಿ ಇನ್ನೂ ಕಷ್ಟ, ಎಷ್ಟೋ ಏರ್‌ಲೈನ್‌ನವರು ಕಾರ್ಗೋಗೆ ತೆಗೆದುಕೊಳ್ಳುವುದೇ ಇಲ್ಲ. ನಾವು ಹೊಂದಿಸಿಕೊಂಡಿದ್ದ ಏಜೆಂಟ್ ಇದನ್ನು ಹೇಳಲೇ ಇಲ್ಲ, ಅಡ್ವಾನ್ಸ್ ತೆಗೆದುಕೊಂಡು ಕೊನೆ ವಾರದಲ್ಲಿ "ಬುಕಿಂಗ್ ಕ್ಯಾನ್ಸಲ್" ಅಂದ. ಅಡ್ವಾನ್ಸ್ ಅರ್ಧ ಬಂತು, ಅರ್ಧಕ್ಕೆ ಇನ್ನೂ ಫೋನ್ ಎತ್ತುತ್ತಿಲ್ಲ. ಆಮೇಲೆ ಡಿಸೆಂಬರ್‌ವರೆಗೆ ಕಾದು ಚಳಿಯಲ್ಲಿ ತಂದೆವು.

ನಿಮ್ಮದು ಊರ ಬೆಕ್ಕು, ಉದ್ದ ಮೂತಿ, ಪುಣ್ಯ. ಜರ್ಮನಿಗೆ ಕ್ಯಾಬಿನ್ ಇರುವಾಗ ಏಜೆಂಟ್‌ಗೆ ಲಕ್ಷ ಕೊಡುವುದು ಯಾಕೆ, ಆ ದುಡ್ಡಲ್ಲಿ ಇನ್ನೊಂದು ಟಿಕೆಟ್ ಬರುತ್ತೆ. ಆದರೆ ಆಸ್ಟ್ರೇಲಿಯಾಗೆ ಹೋಗುವವರು ಯಾರಾದರೂ ಇದನ್ನು ಓದಿದರೆ ಈ ಧೈರ್ಯ ಮಾಡಬೇಡಿ. ಭಾರತದಿಂದ ನೇರ ಬೆಕ್ಕನ್ನು ಅವರು ಒಳಗೇ ಬಿಡುವುದಿಲ್ಲ, ಅವರು ಒಪ್ಪಿದ ಬೇರೆ ದೇಶದಲ್ಲಿ ತಿಂಗಳುಗಟ್ಟಲೆ ಇಟ್ಟು ಆಮೇಲೆ ಒಯ್ಯಬೇಕು, ಅಲ್ಲಿ ಮುಟ್ಟಿದ ಮೇಲೂ ಕ್ವಾರಂಟೈನ್. ಅದಕ್ಕೆ ಏಜೆಂಟ್ ಬೇಕೇ ಬೇಕು. ಇಂಗ್ಲೆಂಡ್‌ಗೂ ವಿಮಾನದಲ್ಲಿ ಹೋದರೆ ಕಾರ್ಗೋ ಮಾತ್ರ.

ಮೇ ಕೊನೆ, ಜೂನ್ ಮೊದಲು ಅಂದರೆ ನಮ್ಮ ಕಡೆ ಬಿಸಿಲು ಇನ್ನೂ ಇಳಿದಿರುವುದಿಲ್ಲ ಅಕ್ಕಾ. ಹೈದರಾಬಾದ್‌ಗೆ ನಸುಕಿನಲ್ಲೇ ಕಾರು ಬಿಡಿ. ಢಾಬಾ ಹತ್ತಿರ ಚಹಾಕ್ಕೆ ನಿಲ್ಲಿಸಿದರೆ ಕಾರಿನಲ್ಲಿ ಒಬ್ಬರು ಎಸಿ ಹಾಕಿಕೊಂಡು ಕೂತಿರಲಿ. ಐದು ನಿಮಿಷ ಅಂತ ಗಾಜು ಏರಿಸಿ ಇಳಿದರೆ ಒಳಗೆ ಒಲೆ.

ತೊಗರಿಬೇಳೆ_ಕಲಬುರಗಿ ಮತ್ತೆ ಬರೆದದ್ದು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕ್ಲಿನಿಕ್‌ಗೆ ಫೋನ್ ಮಾಡಿ ಚಿಪ್ ತರಿಸಲು ಹೇಳಿದ್ದೇನೆ, ಈ ವಾರದ ಒಳಗೆ ಬರುತ್ತಂತೆ. ಬ್ಯಾಗ್ ಬಂತು. ಶೇಂಗಾ ಸದ್ಯಕ್ಕೆ ಅದರ ಮೇಲೆ ಕೂರುತ್ತಾಳೆ, ಒಳಗೆ ಹೋಗಲ್ಲ.

ಯಾದಗಿರಿಯವರೇ, ನೀವು ಕೇಳಿದ್ದು ತಪ್ಪಲ್ಲ, ಮನೆಯಲ್ಲಿ ಎರಡು ದಿನ ಇದೇ ಚರ್ಚೆ ಆಯಿತು. ಕಾಂಟ್ರಾಕ್ಟ್ ಅಲ್ಲ, ಪರ್ಮನೆಂಟ್ ಕೆಲಸ. ಅತ್ತೆಯವರು ವರ್ಷದಲ್ಲಿ ಅರ್ಧ ನಾದಿನಿ ಮನೆಗೆ ಬೀದರ್‌ಗೆ ಹೋಗಿ ಇರುತ್ತಾರೆ, ಆಗ ಮನೆಗೆ ಬೀಗ. ಬೀಗ ಹಾಕಿದ ಮನೆಗೆ ಬೆಕ್ಕು ಅಂಟಿಕೊಂಡು ಏನು ಮಾಡಬೇಕು? ಒಯ್ಯುವುದು ಅಂತ ತೀರ್ಮಾನ ಆಯಿತು.

ಈಗ ಎರಡು ಸಂಶಯ. ಪುಸ್ತಕದಲ್ಲಿ ಬೆಕ್ಕಿನ ಮಾಲೀಕರು ಅಂತ ನಮ್ಮವರ ಹೆಸರಿದೆ. ಅವರು ಮಾರ್ಚ್‌ಗೆ ಹೋಗುತ್ತಾರೆ, ಬೆಕ್ಕು ಜೂನ್‌ಗೆ ನನ್ನ ಜೊತೆ. ಇದರಿಂದ ತೊಂದರೆ ಆಗುತ್ತಾ? ಇನ್ನೊಂದು, ಅಲ್ಲಿ ಬಾಡಿಗೆ ಮನೆ ಹುಡುಕುವಾಗ ಬೆಕ್ಕಿದೆ ಅಂತ ಹೇಳಬೇಕಾ, ಮೊದಲು ಮನೆ ಹಿಡಿದು ಆಮೇಲೆ ಹೇಳಿದರೆ ನಡೆಯುತ್ತಾ? ನಮ್ಮವರು ಎರಡನೆಯದ್ದೇ ಸರಿ ಅನ್ನುತ್ತಿದ್ದಾರೆ.

ಸೇಡಂ_ಟು_ಮೈಂಜ್ ಉತ್ತರ:

ಹೆಸರಿನದ್ದು ಒಳ್ಳೆಯ ಪ್ರಶ್ನೆ, ತೊಂದರೆ ಆಗುತ್ತೆ. ಮಾಲೀಕರು ಪ್ರಯಾಣ ಮಾಡಿದ ಐದು ದಿನದ ಆಚೆ ಈಚೆ ಪ್ರಾಣಿ ಹೋಗಬೇಕು ಅನ್ನುವುದು ನಿಯಮ. ಅದರ ಆಚೆ ಹೋದರೆ ವ್ಯಾಪಾರದ ಸಾಗಾಣಿಕೆ ಅಂತ ಲೆಕ್ಕ, ಅದರ ನಿಯಮವೇ ಬೇರೆ, ಕಷ್ಟ. ನಿಮ್ಮವರೇ ಮಾಲೀಕರು ಅಂತ ಕಾಗದ ಹೇಳಿದರೆ, ಅವರು ಮಾರ್ಚ್‌ನಲ್ಲೇ ಹೋಗಿದ್ದಾರೆ, ಬೆಕ್ಕು ಜೂನ್. ಆದ್ದರಿಂದ ಚಿಪ್ ಹಾಕುವ ದಿನವೇ ಹೊಸ ಪುಸ್ತಕ ಮಾಡಿಸಿ, ಮಾಲೀಕರ ಜಾಗದಲ್ಲಿ ನಿಮ್ಮ ಹೆಸರು, ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ. ಲ್ಯಾಬ್ ಫಾರ್ಮ್, ಹೆಲ್ತ್ ಸರ್ಟಿಫಿಕೇಟ್, ವ್ಯಾಪಾರಕ್ಕೆ ಒಯ್ಯುತ್ತಿಲ್ಲ ಅನ್ನುವ ಡಿಕ್ಲರೇಷನ್, ಎಲ್ಲದರಲ್ಲೂ ಅದೇ ಹೆಸರು. ಆಗ ನೀವು ಮತ್ತು ಬೆಕ್ಕು ಒಂದೇ ವಿಮಾನ, ಮುಗಿಯಿತು.

ಮನೆ ವಿಷಯದಲ್ಲಿ ನಿಮ್ಮವರ ಮಾತು ಕೇಳಬೇಡಿ. 2013ರಲ್ಲಿ ಜರ್ಮನಿಯ ಸುಪ್ರೀಂ ಕೋರ್ಟಿನಂಥ ಒಕ್ಕೂಟ ನ್ಯಾಯಾಲಯ, ನಾಯಿ ಬೆಕ್ಕು ಸಾಕಲೇಬಾರದು ಅಂತ ಬಾಡಿಗೆ ಕರಾರಿನಲ್ಲಿ ಸಾರಾಸಗಟು ಬರೆಯುವಂತಿಲ್ಲ ಅಂತ ತೀರ್ಪು ಕೊಟ್ಟಿದೆ, ನಿಜ. ಹಾಗಂತ ಮಾಲೀಕರು ಏನೂ ಹೇಳುವಂತಿಲ್ಲ ಅಂತಲ್ಲ, ಸಂದರ್ಭ ನೋಡಿ ಬೇಡ ಅನ್ನಬಹುದು. ಮತ್ತೆ ಇಲ್ಲಿ ಮನೆ ಸಿಗುವುದೇ ಕಷ್ಟ, ಒಂದು ಮನೆಗೆ ಹತ್ತಾರು ಅರ್ಜಿ. ಮೊದಲೇ "ಒಂದು ಬೆಕ್ಕು, ಆಪರೇಷನ್ ಆಗಿದೆ, ಮನೆಯೊಳಗೇ ಇರುತ್ತೆ" ಅಂತ ಫೋಟೋ ಸಮೇತ ಬರೆಯಲಿ. ಬೇಡ ಅನ್ನುವವರು ಆಗಲೇ ಬೇಡ ಅನ್ನುತ್ತಾರೆ, ಮನೆ ಹೊಕ್ಕ ಮೇಲೆ ಜಗಳ ಇಲ್ಲ. ನಾಯಿಗೆ ಇಲ್ಲಿ ತೆರಿಗೆ ಇದೆ, ಬೆಕ್ಕಿಗೆ ಇಲ್ಲ, ಅಷ್ಟು ಖುಷಿ ಪಡಿ.

ನಿಮ್ಮವರಿಗೆ ಇನ್ನೊಂದು ಹೇಳಿ. ಇಲ್ಲಿನ ಕಿಟಕಿಗಳು ಎರಡು ಥರ ತೆರೆಯುತ್ತವೆ. ಹಿಡಿಕೆ ಮೇಲಕ್ಕೆ ತಿರುಗಿಸಿದರೆ ಕಿಟಕಿಯ ಮೇಲ್ತುದಿ ಮಾತ್ರ ಒಳಗೆ ವಾಲುತ್ತೆ, ಗಾಳಿಗೆ ಅಂತ. ಬೆಕ್ಕು ಆ ಸಂದಿಯಲ್ಲಿ ಹೊರಗೆ ಹಾರಲು ಹೋಗಿ ಜಾರಿ, ಕೆಳಗೆ ಕಿರಿದಾಗುವ ಕಡೆ ಹೊಟ್ಟೆ ಸಿಕ್ಕಿಹಾಕಿಕೊಳ್ಳುತ್ತೆ. ಒದ್ದಾಡಿದಷ್ಟೂ ಇನ್ನೂ ಕೆಳಗೆ ಇಳಿಯುತ್ತೆ. ಹಿಂದಿನ ಕಾಲು ಹೋಗುವುದು, ಸಾಯುವುದು, ಎಲ್ಲ ಆಗಿದೆ, ಇಲ್ಲಿನ ಡಾಕ್ಟರುಗಳಿಗೆ ಇದು ಗೊತ್ತಿರುವ ಕೇಸು. ಮಾಳಿಗೆ ಹತ್ತುವ ಬೆಕ್ಕು ಮೊದಲ ದಿನವೇ ಕಿಟಕಿಗೆ ಹೋಗುತ್ತೆ. ಆ ಸಂದಿಗೆ ಹಾಕುವ ಜಾಲರಿ ಅಂಗಡಿಯಲ್ಲಿ ಸಿಗುತ್ತೆ, ನೀವು ಬರುವ ಮುಂಚೆ ಹಾಕಿಸಿಡಲಿ.

ಊಟದ್ದು ಒಂದು ಮಾತು. ಹಾಲು ರೊಟ್ಟಿ ತಿನ್ನುವ ಬೆಕ್ಕಾಗಿದ್ದರೆ ಈಗಿನಿಂದಲೇ ಸ್ವಲ್ಪ ಸ್ವಲ್ಪವಾಗಿ ಪ್ಯಾಕೆಟ್ ಊಟಕ್ಕೆ ತನ್ನಿ. ವಿಸ್ಕಾಸ್, ರಾಯಲ್ ಕ್ಯಾನಿನ್ ಎರಡೂ ಇಲ್ಲೂ ಸಿಗುತ್ತವೆ, ಬಂದ ಮೇಲೆ ಅದನ್ನೇ ಮುಂದುವರಿಸಬಹುದು. ಅಲ್ಲಿಂದ ಕಟ್ಟಿಕೊಂಡು ಬರಬೇಡಿ, ಮಾಂಸ ಮತ್ತು ಹಾಲಿನ ಪದಾರ್ಥ ಬ್ಯಾಗಿನಲ್ಲಿ ಯುರೋಪಿಗೆ ತರುವಂತಿಲ್ಲ. ಅತ್ತೆಯವರು ಕಟ್ಟಿಕೊಡುವ ತುಪ್ಪದ ಡಬ್ಬಿಗೂ ಅದೇ ನಿಯಮ, ಬೆಕ್ಕಿಗೆ ಅಂತ ಕೆಂಪು ದಾರಿಗೆ ಹೋದಾಗ ನಿಮ್ಮ ಬ್ಯಾಗೂ ತೆಗೆಸಿದರೆ ತುಪ್ಪ ಹೋಯಿತು. ಶೇಂಗಾ ಹಿಂಡಿ ಮಾತ್ರ ಮರೆಯದೆ ತನ್ನಿ, ಮೈಂಜ್ ಏನು ದೂರ ಇಲ್ಲ.

ಯಾದಗಿರಿ_ಬೆಟ್ಟ ಉತ್ತರ:

ಬೀಗ ಹಾಕುವ ಮನೆ ಅಂದ ಮೇಲೆ ನನ್ನ ವಾದ ಬಿದ್ದುಹೋಯಿತು, ಒಯ್ಯಿರಿ. ಕಿಟಕಿದ್ದು ಓದಿ ಮೈ ಜುಂ ಅಂತು, ಜಾಲರಿ ಮರೆಯಬೇಡಿ. ವಿಮಾನದಲ್ಲಿ ಅಷ್ಟು ತಾಸು ಉಚ್ಚೆಗೆ ಏನು ಮಾಡುತ್ತಾರೆ, ಅದನ್ನು ಯಾರೂ ಹೇಳಲಿಲ್ಲ.

ಬೀದರ್_ನಂದಿನಗರ ಉತ್ತರ:

ಹೆಚ್ಚಿನ ಬೆಕ್ಕು ತಡೆದುಕೊಂಡೇ ಇರುತ್ತವೆ, ಹೆದರಿಕೆಯಲ್ಲಿ ಅದಕ್ಕೆ ನೆನಪೂ ಆಗಲ್ಲ. ಹೊರಡುವ ಐದಾರು ತಾಸು ಮುಂಚೆ ಸ್ವಲ್ಪ ಊಟ, ಆಮೇಲೆ ಬೇಡ, ನೀರು ಮಾತ್ರ ಆಗಾಗ. ಬ್ಯಾಗಿನ ತಳಕ್ಕೆ ಹೀರುವ ಪ್ಯಾಡ್, ಬದಲಿಗೆ ಇನ್ನೂ ಎರಡು, ಒಂದು ಪ್ಲಾಸ್ಟಿಕ್ ಚೀಲ. ಏರ್‌ಪೋರ್ಟಿನಲ್ಲಿ ವೀಲ್‌ಚೇರಿನವರಿಗೆ ಇರುವ ದೊಡ್ಡ ಟಾಯ್ಲೆಟ್ ಖಾಲಿ ಇದ್ದರೆ ಬಾಗಿಲು ಹಾಕಿಕೊಂಡು, ಹಾರ್ನೆಸ್ ಹಿಡಿದೇ, ಪ್ಯಾಡ್ ಮೇಲೆ ಸ್ವಲ್ಪ ಮಣ್ಣು ಹಾಕಿ ಬಿಟ್ಟು ನೋಡಿ. ಮಾಡಿದರೆ ಮಾಡಿದಳು.

ಅದಕ್ಕಿಂತ ಮುಂಚಿನ ಕೆಲಸ ಫೆಬ್ರವರಿಯದ್ದು, ಅದನ್ನು ಈಗಲೇ ಹೇಳಿಬಿಡುತ್ತೇನೆ. ರಕ್ತವನ್ನು ಸೋಮವಾರ ಅಥವಾ ಮಂಗಳವಾರ ತೆಗೆಸಿ. ಸೀರಂ, ಅಂದರೆ ರಕ್ತದ ತಿಳಿ ಭಾಗ, ಬೇರೆ ಮಾಡಿ ತಣ್ಣಗೆ ಇಟ್ಟು ಕೊರಿಯರ್ ಮಾಡಬೇಕು, ಶುಕ್ರವಾರ ತೆಗೆದರೆ ಭಾನುವಾರ ಯಾವುದೋ ಗೋಡೌನಿನಲ್ಲಿ ಕೂರುತ್ತೆ. ತೆಗೆಯುವ ಮುಂಚೆ ಚಿಪ್ ಸ್ಕ್ಯಾನ್ ಮಾಡಿ, ಆ 15 ಅಂಕಿ ಟ್ಯೂಬ್ ಮೇಲೂ ಫಾರ್ಮ್ ಮೇಲೂ ಒಂದೇ ಇದೆಯಾ ನೀವೇ ಓದಿ ನೋಡಿ. ಲ್ಯಾಬ್ ಹೆಸರು ಯುರೋಪಿಯನ್ ಯೂನಿಯನ್‌ನ ವೆಬ್‌ಸೈಟ್ ಪಟ್ಟಿಯಲ್ಲಿ ಇದೆಯಾ ಅಂತ ಕಳಿಸುವ ಮುಂಚೆ ಖಾತ್ರಿ ಮಾಡಿಕೊಳ್ಳಿ, ಕ್ಲಿನಿಕ್‌ನವರು ಇದೆ ಅಂದರು ಅಂತ ಬಿಡಬೇಡಿ. ಒಮ್ಮೆ ಪಾಸಾಗಿ, ಮುಂದೆ ಪ್ರತಿ ಇಂಜೆಕ್ಷನ್ ಅವಧಿ ಮುಗಿಯುವ ಮುಂಚೆಯೇ ಹಾಕಿಸುತ್ತಾ ಹೋದರೆ ಈ ಟೆಸ್ಟ್ ಮತ್ತೆ ಬೇಕಾಗಲ್ಲ. ಒಂದು ದಿನ ತಪ್ಪಿದರೂ ಮೊದಲಿನಿಂದ ಶುರು, ಆದ್ದರಿಂದ ಮುಂದಿನ ತಾರೀಕನ್ನು ಫೋನಿನಲ್ಲಿ ಅಲಾರಂ ಇಡಿ.